ಅಟ್ಟೆ ಕಿತ್ತ ಶೂ, ವಾಪಸು ಬರಬೇಕಾದ ದುಡ್ಡು

ಬೇಸಿಗೆ ರಜೆ ಮುಗಿಸಿ ದೋಹಾಕ್ಕೆ ಮರಳಿದ ಕೂಡಲೇ ಮಕ್ಕಳಿಗೆ ಶೂ, ಬ್ಯಾಗು ಕೊಳ್ಳುವ ಗಡಿಬಿಡಿ. ಎರಡೇ ವಾರಕ್ಕೆ ಶೂ ಅಟ್ಟೆ ಕಿತ್ತುಬಂದರೆ? ನಮ್ಮಲ್ಲಿ ಹಲವರು ಸುಮ್ಮನಾಗುತ್ತೇವೆ. 'ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ' ಎಂಬ ಬೋರ್ಡು ನೋಡುತ್ತಲೇ ಬೆಳೆದವರಲ್ಲವೇ! (ಊರಲ್ಲೂ ದೋಷವಿರುವ ಮಾಲಿಗೆ ಆ ಬೋರ್ಡು ನಡೆಯುವುದಿಲ್ಲ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ, 2019ರ ಕಾಯ್ದೆಯಂತೆ, 30 ದಿನದೊಳಗೆ ವಾಪಸು ಪಡೆಯಲೇಬೇಕು.)

ಕತಾರ್‌ನಲ್ಲಿರುವುದು 2008ರ 8ನೇ ಕಾನೂನು, ಗ್ರಾಹಕರ ರಕ್ಷಣೆಗೆಂದೇ ಬಂದದ್ದು. ಮಾಲಿನಲ್ಲಿ ದೋಷವಿದ್ದರೆ, ಹೇಳಿದ ಗುಣಮಟ್ಟ ಇಲ್ಲದಿದ್ದರೆ, ಬೇರೆಯದನ್ನು ಕೊಡಬೇಕು ಅಥವಾ ವಾಪಸು ಪಡೆದು ಹಣ ಕೊಡಬೇಕು. ವೋಚರ್ ಕೊಡುತ್ತೇವೆಂದರೆ ತಲೆಯಾಡಿಸಬೇಕಿಲ್ಲ. ಬಣ್ಣ ಹಿಡಿಸಲಿಲ್ಲ ಎಂಬುದು ಮಾತ್ರ ದೋಷವಲ್ಲ. ಅಲ್ಲಿ ಅಂಗಡಿಯ ನಿಯಮವೇ ನಿಯಮ, ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ. ಒಪ್ಪದಿದ್ದರೆ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ 16001ಕ್ಕೆ ಫೋನ್ ಮಾಡಿ. ಬಿಲ್ಲು ಬೇಕೇ ಬೇಕು. ಆ ನುಣುಪು ಕಾಗದದ ಅಕ್ಷರ ಬಿಸಿಗೆ ಅಳಿಸುತ್ತದೆ, ಕೊಂಡ ದಿನವೇ ಫೋಟೋ ತೆಗೆದಿಡಿ.

ಅಂಗಡಿಗೆ ಹೊರಡುವ ಮುನ್ನ ದೂರನ್ನು ಮಗುವಿನಿಂದಲೇ ಕನ್ನಡದಲ್ಲಿ ಹೇಳಿಸಿ: ಏನಾಗಿದೆ, ಯಾವತ್ತು ಕೊಂಡದ್ದು, ನಮಗೇನು ಬೇಕು. ನಮ್ಮ ಮಕ್ಕಳಿಗೆ ಎಲ್ಲವೂ 'ಬ್ರೇಕ್' ಆಗುತ್ತದೆ. ಕನ್ನಡದಲ್ಲಿ ಹಾಗಿಲ್ಲವಲ್ಲ! ಪೆನ್ಸಿಲ್ ಮುರಿಯುತ್ತದೆ, ಲೋಟ ಒಡೆಯುತ್ತದೆ, ಬ್ಯಾಗು ಹರಿಯುತ್ತದೆ, ಹೊಲಿಗೆ ಬಿಚ್ಚುತ್ತದೆ, ಅಟ್ಟೆ ಕಿತ್ತುಬರುತ್ತದೆ. ಇಷ್ಟು ಖಚಿತವಾಗಿ ಮನೆಯಲ್ಲಿ ಹೇಳಿದ ಮಗು ಕೌಂಟರಿನಲ್ಲಿ ಇಂಗ್ಲಿಷಿನಲ್ಲೂ ತಡವರಿಸದು.