ಶೆಡ್ಡಿನ ಗ್ವಾಡಿಗಿಂತ ಮೊದಲು ಶಟರ್ ಬಾಗಲದ ತೊಲಿ ನೋಡ್ರಿ

ಹೋದ ವಾರ ಯಲಬುರ್ಗಾ ಕಡೆ ಬೀಗರ ಹೊಲಕ್ಕ ಹೋಗಿದ್ದೆ. ಟ್ರ್ಯಾಕ್ಟರ್ ಶೆಡ್ ಕಟ್ಟಾಕ ಹತ್ಯಾರ. ಮೂರು ಕಡೆ ಗ್ವಾಡಿ ಎದ್ದಾವ, ಮುಂದ ಶಟರಿಗೆ 12 ಅಡಿ ಜಾಗ ಬಿಟ್ಟಾರ. "ಇದರ ಮ್ಯಾಲೆ ಏನ್ ಹಾಕ್ತೀರಿ ಮೇಸ್ತ್ರಿ?" ಅಂತ ಕೇಳಿದೆ. "ಮನಿ ಬಾಗಲಕ್ಕ ಹಾಕೋ ಲಿಂಟಲ್ಲಾ ರೀ ಯಜಮಾನ್ರ, ಉದ್ದ ಅಷ್ಟ ಜಾಸ್ತಿ" ಅಂದ.

ಇದ ಮಾತು ನಮ್ಮ ಶೆಡ್ಡಿನಾಗೂ ಕೇಳಿದ್ದೆ, ಹೂಂ ಅಂದಿದ್ದೆ. ಗಂಗಾವತಿ ಕಡೆ ನಮ್ಮದು ಭತ್ತದ ಹೊಲ. 6 ಇಂಚಿನ ಲಿಂಟಲ್, ಕೆಳಗ ಎರಡು ಸಣ್ಣ ರಾಡು. ತಗಡಿನವರು ಬಂದು ನಿಂತಾರಂತ ಐದನೇ ದಿನಕ್ಕ ಸೆಂಟ್ರಿಂಗ್ ತೆಗೆಸಿದೆ. ಅವಸರ ನಂದ. ವರ್ಷ ತುಂಬೂದ್ರಾಗ ತೊಲಿ ನಡು ಬಾಗಿತು, ಬಾಗಲದ ಎರಡೂ ಮೂಲಿಯಿಂದ ಗ್ವಾಡಿ ಓರೆಯಾಗಿ ಸೀಳಿತು. ಬ್ಯಾಸಗಿ ಬೆಳಿ ಕೊಯ್ದು ಟ್ರ್ಯಾಲಿ ತುಂಬಿಸಿ ತಂದ ಸಂಜಿ ಗಾಳಿ-ಮಳಿ ಶುರುವಾತು. ಶಟರ್ ಅರ್ಧಕ್ಕ ಬಂದು ಸಿಕ್ಕೊಂತು. ಮ್ಯಾಲೂ ಹೋಗವಲ್ದು, ಕೆಳಗೂ ಇಳೀವಲ್ದು. ಭತ್ತ ಹೊರಗ ತೊಯ್ತು. ಒಡೆಯೋ ತೊಲಿ ಕೆಳಗ ಆಳುಗಳು ಮಳಿಗೆ ನಿಂತಿದ್ರು, ಅದನ್ನ ನೆನೆಸಿದ್ರ ಈಗೂ ಮೈ ಝುಂ ಅಂತೈತಿ.

ಮೂರಡಿ ಬಾಗಲದ ಲೆಕ್ಕ 12 ಅಡಿಗೆ ಯಾಕ ನಡೆಯಂಗಿಲ್ಲ? ತೊಲಿ ಮ್ಯಾಲೆ ಭಾರ ಬಿದ್ರ ಮ್ಯಾಲಿನ ಮೈ ಒತ್ತತೈತಿ, ಕೆಳಗಿನ ಮೈ ಎಳೀತೈತಿ. ಕಾಂಕ್ರೀಟು ಒತ್ತಡ ತಡಕೊಂತೈತಿ, ಎಳೆತ ತಡಕೊಳ್ಳಂಗಿಲ್ಲ. ಅದಕ್ಕ ಕೆಳಗ ಕಬ್ಬಿಣ. ಅಗಲ ನಾಲ್ಕು ಪಟ್ಟು ಆದ್ರ, ಅಷ್ಟುದ್ದಕ್ಕೂ ಸಮ ಭಾರ ಇದ್ದಾಗ, ನಡುವಿನ ಬಾಗುವ ಒತ್ತಡ 16 ಪಟ್ಟು ಆಗತೈತಿ. ಮನ್ಯಾಗ ಲಿಂಟಲ್ ಮ್ಯಾಲೆ ಎತ್ತರದ ಗ್ವಾಡಿ ಇರೂದ್ರಿಂದ ಇಟ್ಟಂಗಿ ತಾವ ಕಮಾನಿನಂಗ ಭಾರ ಅತ್ತಿತ್ತ ಸರಿಸ್ತಾವ. ಶೆಡ್ಡಿನಾಗ ಮ್ಯಾಲೆ ಎರಡಡಿ ಗ್ವಾಡಿ, ಅದರ ಮ್ಯಾಲೆ ತಗಡಿನ ಟ್ರಸ್ ಸರಿಯಾಗಿ ಬಾಗಲದ ನಡುವ ಕುಂದರತೈತಿ. ನಮ್ಮಲ್ಲಿ ಆಗಿದ್ದು ಅದ.

ನಮ್ಮ ಹಿರ್ಯಾರಿಗೆ ಇದು ಗೊತ್ತಿತ್ತು. ಇಟಗಿಯ ಮಹಾದೇವ ಗುಡಿ 1112ರದು. ಅಲ್ಲಿ ಮಂಟಪದಾಗ ಕಂಬ ಎಷ್ಟು ಹತ್ತಿರ ಹತ್ತಿರ ನಿಂತಾವ ನೋಡ್ರಿ. ಕಲ್ಲಿನ ತೊಲಿ ಉದ್ದ ಆದ್ರ ಕೆಳಗಿನಿಂದ ಬಿರಿಯೂದು ಅವರಿಗೆ ತಿಳಿದಿತ್ತು. ನದಿ ಆಚೆ ಹಂಪಿಯ ಆನಿ ಲಾಯಕ್ಕ 11 ದೊಡ್ಡ ಬಾಗಲ ಬೇಕಾದಾಗ ಕಮಾನು ಹಾಕಿದ್ರು. ಆನಿ ಹೋಗೋ ಬಾಗಲಕ್ಕ ಇದ್ದ ಎಚ್ಚರ ನಾವು ಟ್ರ್ಯಾಕ್ಟರ್ ಹೋಗೋ ಬಾಗಲಕ್ಕ ಇಡವಲ್ಲೆವು. ಶಟರಿನ ಬಣ್ಣಕ್ಕ ನಾಲ್ಕು ಅಂಗಡಿ ತಿರುಗ್ತೀವಿ.

ಎರಡನೇ ಸಲ ಎಂಜಿನಿಯರ್ ಕಡೆ ಚಿತ್ರ ಬರೆಸಿದೆ. ಬಾಗಲದ ಎರಡೂ ಬದಿ ಕಾಂಕ್ರೀಟ್ ಕಂಬ, ಅವುಗಳ ಮ್ಯಾಲೆ 15 ಇಂಚು ಎತ್ತರದ ತೊಲಿ. ಇಷ್ಟು ಅಗಲದ ತೊಲಿಗೆ ಆಸರೆ 14 ದಿನ ತೆಗೀಬಾರದಂತ ಐ.ಎಸ್. 456 ನಿಯಮದಾಗ ಐತಿ. ಶಟರ್ ಸುರುಳಿಯನ್ನ ತೊಲಿ ಕೆಳಗಲ್ಲ, ಒಳಬದಿಗೆ ಕೂಡಿಸಿದ್ವಿ. ಕೆಳಗ ಕೂಡಿಸಿದ್ರ ಒಂದು ಅಡಿ ಮ್ಯಾಲೆ ಎತ್ತರ ಹೋಗತೈತಿ, ಚೀಲ ಹೇರಿದ ಟ್ರ್ಯಾಲಿ ಒಳಗ ಬರಂಗಿಲ್ಲ.

ಯಲಬುರ್ಗಾ, ಕುಷ್ಟಗಿ ಕಡೆ ಎರಿ ಹೊಲ ಇದ್ದವರಿಗೆ ಇನ್ನೊಂದು ಮಾತು. ಎರಿ ಮಣ್ಣು ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ. ಕಂಬದ ಪಾಯಾ ಎರಿ ದಾಟಿ ಗಟ್ಟಿ ಗರಸಿಗೆ ಮುಟ್ಟಲಿ. ಒಂದು ಕಂಬ ಸ್ವಲ್ಪ ವಾಲಿದ್ರೂ ಶಟರ್ ಚಾನಲ್‌ನ್ಯಾಗ ಹಿಡೀತೈತಿ. ಗಾಳಿ ಬರೋ ದಿಕ್ಕಿಗೆ ಬಾಗಲ ಬ್ಯಾಡ. ತೆರೆದ ಬಾಗಲದಿಂದ ಗಾಳಿ ಒಳಗ ತುಂಬಿ ತಗಡನ್ನ ಕೆಳಗಿನಿಂದ ಎತ್ತತೈತಿ.

"ಇಷ್ಟೆಲ್ಲ ಯಾಕ, ಮುಂದ ಪೂರ್ತಿ ತೆರದ ಬಿಡ್ರಿ" ಅನ್ನೋರೂ ಅದಾರ. ಬರೀ ಟ್ರ್ಯಾಕ್ಟರ್ ನಿಲ್ಲಸಾಕ ಆದ್ರ ಒಪ್ಪತೀನಿ. ಗೊಬ್ಬರ, ಮೋಟಾರು, ಕೇಬಲ್ಲು ಇಡೋರಿಗೆ ಕೀಲಿ ಬೇಕ ಬೇಕು.

ಬೀಗರ ಮುಂದ ಇಷ್ಟೂ ಹೇಳಿದೆ. ಖರ್ಚು ಕೇಳಿ ಮುಖ ಸಣ್ಣ ಮಾಡಿದ್ರು. ನಾನು ಒಡೆದು ಎರಡನೇ ಸಲ ಕಟ್ಟಿದ ಖರ್ಚಿನ ಚೀಟಿ ತೋರಿಸಿದೆ. ಸದ್ಯ ಮುಂದಿನ ಕೆಲಸ ನಿಲ್ಲಿಸ್ಯಾರ, ಸೋಮವಾರ ಎಂಜಿನಿಯರ್ ಬರ್ತಾರಂತ.