ಕರುಳಿನ ಕ್ಯಾನ್ಸರ್: ಎಲ್ಲಿ ಎಂಬ ಪ್ರಶ್ನೆ

ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ನನ್ನ ಹುಟ್ಟೂರು. ಅಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಅಕ್ಕನ ಮಗನಿಗೆ ಮಲದೊಂದಿಗೆ ರಕ್ತ ಕಾಣಿಸಿಕೊಂಡಾಗ 42 ವರ್ಷ. ಮೂಲವ್ಯಾಧಿಯೆಂದು ಹನ್ನೊಂದು ತಿಂಗಳು ಮುಲಾಮು, ಲೇಹ್ಯ, ಮಾತ್ರೆಗಳ ಉಪಚಾರ ನಡೆಯಿತು. ಕಡೆಗೆ ಬೆಂಗಳೂರಿನ ವೈದ್ಯರೊಬ್ಬರು ಕೈಗವಸು ಧರಿಸಿ ಬೆರಳಿನಿಂದ ಪರೀಕ್ಷಿಸಿದಾಗ ಗುದನಾಳದ ಗೆಡ್ಡೆ ಪತ್ತೆಯಾಯಿತು. ಅದಕ್ಕೆ ಮುನ್ನ ಅವನನ್ನು ನೋಡಿದ್ದ ಯಾರೂ ಈ ಸರಳ ಪರೀಕ್ಷೆ ಮಾಡಿರಲಿಲ್ಲ. ಸಂಕೋಚದಿಂದ ಅವನೂ ಕೇಳಿರಲಿಲ್ಲ.

ಕರುಳಿನ ಕ್ಯಾನ್ಸರನ್ನು ಒಂದೇ ಕಾಯಿಲೆಯೆಂದು ಭಾವಿಸುವುದು ರೂಢಿ. ಆದರೆ ಅದು ಎಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ಅದರ ಲಕ್ಷಣ ನಿಂತಿದೆ. ದೊಡ್ಡ ಕರುಳಿನ ಬಲಭಾಗ ಅಗಲವಾದುದು. ಅಲ್ಲಿ ಮಲ ಇನ್ನೂ ತೆಳುವಾಗಿರುತ್ತದೆ. ಹೀಗಾಗಿ ಗೆಡ್ಡೆ ಸದ್ದಿಲ್ಲದೆ ಬೆಳೆದು, ರಕ್ತ ಒಳಗೊಳಗೇ ಒಸರಿ, ರಕ್ತಹೀನತೆ ಮತ್ತು ಆಯಾಸವಾಗಿ ತೋರುತ್ತದೆ. ಕಿರಿದಾದ ಎಡಭಾಗದಲ್ಲಿ ಮಲವಿಸರ್ಜನೆಯ ಕ್ರಮವೇ ಬದಲಾಗುತ್ತದೆ. ಗುದನಾಳದ ಗೆಡ್ಡೆ ಕಣ್ಣಿಗೆ ಕಾಣುವಂತೆ ರಕ್ತಸ್ರಾವ ಮಾಡುತ್ತದೆ.

ಅಮೆರಿಕ, ಯೂರೋಪುಗಳಲ್ಲಿ ಕೆಲವು ದಶಕಗಳಿಂದ ಬಲಭಾಗದ ಕ್ಯಾನ್ಸರಿನ ಪಾಲು ಏರಿದೆ. ಪಾಲು ಏರಿತೆಂದ ಮಾತ್ರಕ್ಕೆ ಸಂಖ್ಯೆಯೂ ಅಷ್ಟೇ ಏರಿತೆಂದು ಅರ್ಥವಲ್ಲ. ಇದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಕೊಲೊನೋಸ್ಕೋಪಿಯಿಂದ ಪಾಲಿಪ್‌ಗಳನ್ನು ಮೊದಲೇ ತೆಗೆಯುವ ಕ್ರಮ ಎಡಭಾಗದಲ್ಲಿ ಹೆಚ್ಚು ಫಲಕಾರಿಯಾಯಿತು. ಬಲಭಾಗದ ಚಪ್ಪಟೆ ಪಾಲಿಪ್‌ಗಳು ಸುಲಭವಾಗಿ ಕಣ್ತಪ್ಪುತ್ತವೆ. ಜತೆಗೆ ಬಲಭಾಗದ ಕಾಯಿಲೆ ವೃದ್ಧರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚು. ಆ ಸಮಾಜಗಳು ಮುಪ್ಪಾಗುತ್ತಿವೆ. ಇದಕ್ಕೆ ವಿರುದ್ಧವಾಗಿ, ಐವತ್ತರೊಳಗಿನವರಲ್ಲಿ ಕಂಡುಬಂದಿರುವ ಏರಿಕೆ ಬಹುಪಾಲು ಎಡಭಾಗ ಮತ್ತು ಗುದನಾಳದ್ದು. 2021ರಲ್ಲಿ ಅಮೆರಿಕದ ತಜ್ಞ ಸಮಿತಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು.

ನಮ್ಮಲ್ಲಿ ಈ ಕಾಯಿಲೆ ಪಶ್ಚಿಮಕ್ಕಿಂತ ಬಹಳ ಕಡಿಮೆ. ಆದರೆ ಬಂದವರಲ್ಲಿ ಗುದನಾಳದ ಪಾಲು ದೊಡ್ಡದು, ಕಿರಿಯರೂ ಕಡಿಮೆಯಿಲ್ಲ. ಇಲ್ಲಿಯೂ ಎಚ್ಚರ ಬೇಕು: ನಮ್ಮ ಜನಸಂಖ್ಯೆಯೇ ಕಿರಿಯದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ದಾಖಲಾತಿ ನಡೆಸುತ್ತಿದೆ. ಆದರೆ ಅದರ ಜನಸಂಖ್ಯಾಧಾರಿತ ಲೆಕ್ಕ ಬೆಂಗಳೂರಿನದು. ಮಲ್ಲಿಪಟ್ಟಣದ ರೈತ ಅದರಲ್ಲಿ ಬರುವುದಿಲ್ಲ.

2016ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ತಪಾಸಣಾ ಮಾರ್ಗಸೂಚಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗೆ ಸೀಮಿತ. ಕರುಳನ್ನು ಅದರಲ್ಲಿ ಸೇರಿಸಿಲ್ಲವೆಂದು ನಾನು ದೂರುವುದಿಲ್ಲ. ಕಾಯಿಲೆ ವಿರಳವಾಗಿರುವಲ್ಲಿ ಎಲ್ಲರಿಗೂ ಕೊಲೊನೋಸ್ಕೋಪಿ ಎಂಬುದು ಸೀಮಿತ ಹಣದ ಸದ್ವಿನಿಯೋಗವಲ್ಲ. ಆದರೆ ಲಕ್ಷಣವೇ ಇಲ್ಲದವರನ್ನು ತಪಾಸಿಸುವುದು ಬೇರೆ, ಲಕ್ಷಣ ಹೇಳಿಕೊಂಡು ಬಂದವರನ್ನು ಪರೀಕ್ಷಿಸದೆ ಕಳುಹಿಸುವುದು ಬೇರೆ.

ಆಗಬೇಕಾದುದು ಇಷ್ಟೇ. ರಕ್ತಸ್ರಾವವೆಂದು ಬಂದ ಪ್ರತಿಯೊಬ್ಬರಿಗೂ, ವಯಸ್ಸು ನೋಡದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬೆರಳಿನ ಪರೀಕ್ಷೆಯಾಗಲಿ. ಅದು ಸರಿಯಿದ್ದರೂ ರಕ್ತ ನಿಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಕಳುಹಿಸಲಿ. ಬೆರಳು ತಲುಪುವುದು ಗುದನಾಳದ ಕೆಳಭಾಗವನ್ನಷ್ಟೆ. ಕಾರಣವಿಲ್ಲದೆ ರಕ್ತಹೀನತೆಯಿರುವ ಹಿರಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಸುಮ್ಮನಾಗದೆ, ಬಲಭಾಗವನ್ನೂ ಶಂಕಿಸಲಿ. ಜಿಲ್ಲಾ ಆಸ್ಪತ್ರೆಗಳು ಗೆಡ್ಡೆಯ ಸ್ಥಾನವನ್ನು ಪ್ರತ್ಯೇಕವಾಗಿ ದಾಖಲಿಸಲಿ.

ಅಕ್ಕನ ಮಗ ಈಗ ಹೊಟ್ಟೆಗೆ ಅಳವಡಿಸಿದ ಚೀಲದೊಂದಿಗೆ ಹೊಲಕ್ಕೆ ಹೋಗುತ್ತಾನೆ. ಹನ್ನೊಂದು ತಿಂಗಳು ಮೊದಲೇ ಪತ್ತೆಯಾಗಿದ್ದರೆ ಚೀಲ ತಪ್ಪುತ್ತಿತ್ತೇ ಎಂದು ಅವನು ಒಮ್ಮೆ ನನ್ನನ್ನು ಕೇಳಿದ. ನಾನು ಉತ್ತರಿಸಲಿಲ್ಲ.