ಒಂದೇ ಡಿಎನ್‌ಎ ಪರೀಕ್ಷೆಯಿಂದ ಕಾಯಿಲೆಯ ಪೂರ್ತಿ ಕಥೆ ತಿಳಿಯುತ್ತದೆಯೇ?

‘ಒಂದು ಹನಿ ಜೊಲ್ಲು ಸಾಕು, ನಿಮಗೆ ಮುಂದೆ ಯಾವ ಕಾಯಿಲೆ ಬರುತ್ತದೆ ಎಂದು ತಿಳಿಯುತ್ತದೆ’ ಎಂಬ ಧಾಟಿಯ ಸಂದೇಶಗಳು ನಿಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗೂ ಬಂದಿರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳಲ್ಲಿ ಕೆಲವು ದೋಷಗಳಿದ್ದರೆ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ಆದರೆ ದೋಷ ಇರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಹಾಗಾದರೆ ಉಳಿದ ಕಥೆ ಎಲ್ಲಿದೆ? ಬನ್ನಿ, ನೋಡೋಣ.

ಡಿಎನ್‌ಎ ಒಂದೇ ಏಕೆ ಸಾಲದು?

ನಮ್ಮ ಕಣ್ಣಿನ ಜೀವಕೋಶದಲ್ಲೂ ಯಕೃತ್ತಿನ ಜೀವಕೋಶದಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಡಿಎನ್‌ಎ. ಆದರೂ ಎರಡರ ಕೆಲಸ ಬೇರೆ ಬೇರೆ. ಸುಮಾರು 20,000 ಜೀನ್‌ಗಳಲ್ಲಿ ಯಾವುದು ಎಲ್ಲಿ, ಎಷ್ಟು ಕೆಲಸ ಮಾಡುತ್ತದೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಜೀನ್‌ನಿಂದ ಆರ್‌ಎನ್‌ಎ ಎಂಬ ಪ್ರತಿ ತಯಾರಾಗುತ್ತದೆ, ಅದರಿಂದ ಪ್ರೋಟೀನ್. ಡಿಎನ್‌ಎಗೆ ಅಂಟಿಕೊಳ್ಳುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಕೆಲವು ಜೀನ್‌ಗಳನ್ನು ಸುಮ್ಮನಾಗಿಸಬಲ್ಲವು.

ಅಂದರೆ ಕಾಯಿಲೆಯ ಮಾಹಿತಿ ಹಲವು ಪದರಗಳಲ್ಲಿ ಹರಡಿದೆ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ‘ದಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಯೋಜನೆ 33 ಬಗೆಯ ಕ್ಯಾನ್ಸರ್‌ಗಳಲ್ಲಿ ಇಂತಹ ಹಲವು ಪದರಗಳನ್ನು ಅಳೆದು ದೊಡ್ಡ ಮಾಹಿತಿ ಭಂಡಾರವನ್ನೇ ಕಟ್ಟಿತು.

ಎಲ್ಲವನ್ನೂ ಒಟ್ಟಿಗೆ ಸೇರಿಸಿದರೆ ಆಯಿತಲ್ಲವೇ?

ಅದು ಅಷ್ಟು ಸುಲಭವಲ್ಲ. ಅಕ್ಕಿಯ ಕೆ.ಜಿ., ಹಾಲಿನ ಲೀಟರ್, ಮನೆ ಬಾಡಿಗೆಯ ರೂಪಾಯಿ ಕೂಡಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಇಲ್ಲೂ ಹಾಗೆಯೇ. ಒಂದು ಪದರದಲ್ಲಿ ದೋಷ ‘ಇದೆ/ಇಲ್ಲ’ ಎಂಬ ಉತ್ತರ, ಇನ್ನೊಂದರಲ್ಲಿ ಪ್ರಮಾಣ, ಮತ್ತೊಂದರಲ್ಲಿ ಶೇಕಡಾವಾರು. ಇವನ್ನು ಬೆಸೆಯಲು ಗಣಿತದ ಹಲವು ವಿಧಾನಗಳಿವೆ. ಮುಖ್ಯವಾದ ಎರಡನ್ನು ನೋಡೋಣ.

ಮೊದಲನೆಯದು, ಕಣ್ಣಿಗೆ ಕಾಣದ ಸಾಮಾನ್ಯ ಕಾರಣವನ್ನು ಹುಡುಕುವುದು. ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ ಇಳಿಕೆ ಒಟ್ಟಿಗೆ ಕಂಡರೆ ವೈದ್ಯರು ಡೆಂಗಿಯನ್ನು ಶಂಕಿಸುತ್ತಾರೆ. ಅದೇ ರೀತಿ, ಬೇರೆ ಬೇರೆ ಪದರಗಳಲ್ಲಿ ಒಟ್ಟಿಗೆ ಏರಿಳಿಯುವ ಅಂಶಗಳ ಹಿಂದೆ ಯಾವ ಸಾಮಾನ್ಯ ಅಂಶ ಇರಬಹುದು ಎಂದು ಲೆಕ್ಕ ಹಾಕಲಾಗುತ್ತದೆ. 2009ರಲ್ಲಿ ಪ್ರಕಟವಾದ ‘ಐಕ್ಲಸ್ಟರ್’ ಈ ಬಗೆಯದು.

ಎರಡನೆಯದು, ಹೋಲಿಕೆಯ ಜಾಲ. ಒಂದು ಊರಿನಲ್ಲಿ ಯಾರಿಗೆ ಯಾರು ಆಪ್ತರು ಎಂದು ತಿಳಿಯಬೇಕೆನ್ನಿ. ಯಾರು ಯಾರಿಗೆ ಫೋನ್ ಮಾಡುತ್ತಾರೆ, ಯಾರ ಮನೆ ಮದುವೆಗೆ ಯಾರು ಹೋಗುತ್ತಾರೆ ಎಂಬ ಎರಡು ಪಟ್ಟಿಗಳನ್ನು ಜೋಡಿಸಿದರೆ ನಿಜವಾದ ಗುಂಪುಗಳು ಸ್ಪಷ್ಟವಾಗುತ್ತವೆ. 2014ರಲ್ಲಿ ಕೆನಡಾದ ಟೊರೊಂಟೊ ಸಂಶೋಧಕರು ಪ್ರಕಟಿಸಿದ ವಿಧಾನ ರೋಗಿಗಳ ವಿಷಯದಲ್ಲಿ ಇದನ್ನೇ ಮಾಡುತ್ತದೆ.

ಇದರಿಂದ ಸಿಕ್ಕಿದ್ದೇನು?

ಬ್ರಿಟನ್ ಮತ್ತು ಕೆನಡಾದ ಸುಮಾರು 2,000 ಸ್ತನ ಕ್ಯಾನ್ಸರ್ ಗಡ್ಡೆಗಳ ಅಧ್ಯಯನ 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಡಿಎನ್‌ಎ ತುಣುಕುಗಳ ಹೆಚ್ಚು-ಕಡಿಮೆ ಮತ್ತು ಜೀನ್‌ಗಳ ಚಟುವಟಿಕೆ, ಈ ಎರಡೂ ಪದರಗಳನ್ನು ಐಕ್ಲಸ್ಟರ್ ವಿಧಾನದಲ್ಲಿ ಬೆಸೆದಾಗ 10 ಗುಂಪುಗಳು ಕಂಡವು. ಹಾರ್ಮೋನ್‌ಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಸಾಮಾನ್ಯವಾಗಿ ಕಡಿಮೆ ಅಪಾಯದ್ದು ಎನ್ನುತ್ತಾರೆ. ಆದರೆ ಅದರೊಳಗೇ ಹೆಚ್ಚು ಅಪಾಯದ ಒಂದು ಗುಂಪು ಇಲ್ಲಿ ಪತ್ತೆಯಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಸಂಶೋಧಕರು ಮೊದಲು 997 ಗಡ್ಡೆಗಳಲ್ಲಿ ಗುಂಪುಗಳನ್ನು ಗುರುತಿಸಿ, ನಂತರ ಬೇರೆ 995 ಗಡ್ಡೆಗಳಲ್ಲಿ ಪರೀಕ್ಷಿಸಿದರು.

ಎರಡನೇ ಪರೀಕ್ಷೆ ಏಕೆ ಬೇಕು?

20,000 ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪ್ರತಿ ಬಾರಿಯೂ ಶೇ. 5ರಷ್ಟು ತಪ್ಪಿಗೆ ಅವಕಾಶ ಕೊಟ್ಟೆವು ಎಂದುಕೊಳ್ಳಿ. ಕಾಯಿಲೆಗೂ ಜೀನ್‌ಗಳಿಗೂ ಯಾವ ಸಂಬಂಧ ಇಲ್ಲದಿದ್ದರೂ ಸುಮಾರು 1,000 ಜೀನ್‌ಗಳು ‘ಸಂಬಂಧ ಇದೆ’ ಎಂದು ಆಕಸ್ಮಿಕವಾಗಿ ತೋರುತ್ತವೆ! ಪದರಗಳು ಹೆಚ್ಚಿದಷ್ಟೂ ಈ ಭ್ರಮೆಯೂ ಹೆಚ್ಚಬಹುದು. ಮಾದರಿಗಳನ್ನು ಬೇರೆ ಬೇರೆ ದಿನ ಅಥವಾ ಬೇರೆ ಲ್ಯಾಬ್‌ಗಳಲ್ಲಿ ಅಳೆದಿದ್ದರೆ, ಲ್ಯಾಬ್‌ನ ವ್ಯತ್ಯಾಸವೇ ಕಾಯಿಲೆಯ ವ್ಯತ್ಯಾಸದಂತೆ ಕಾಣಬಹುದು. ಗಣಿತ ಎಷ್ಟೇ ಚೆನ್ನಾಗಿದ್ದರೂ ಹೊಸ ರೋಗಿಗಳಲ್ಲಿ ಫಲಿತಾಂಶ ನಿಲ್ಲದಿದ್ದರೆ ಅದನ್ನು ನಂಬುವಂತಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

‘ಒಂದೇ ಟೆಸ್ಟ್‌ನಲ್ಲಿ ಎಲ್ಲವೂ’ ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಜನರ ಮೇಲೆ ಅಧ್ಯಯನ ನಡೆದಿದೆ? ಬೇರೆ ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದ್ದಾರೆಯೇ? ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಉತ್ತರ ಸಿಗದಿದ್ದರೆ ಸಂದೇಶ ಅಲ್ಲಿಗೇ ನಿಲ್ಲಲಿ.

ಒಂದು ಗುಂಪಿನಲ್ಲಿ ಕಂಡ ಅಪಾಯ ಆ ಗುಂಪಿನ ಪ್ರತಿಯೊಬ್ಬರ ಹಣೆಬರಹವಲ್ಲ. ವರದಿಯಲ್ಲಿ ‘ಅಪಾಯ ಕಡಿಮೆ’ ಎಂದಿದೆಯೆಂದು ಸ್ತನದಲ್ಲಿ ಕಂಡ ಗಂಟನ್ನು ಕಡೆಗಣಿಸಬೇಡಿ. ‘ಹೆಚ್ಚು’ ಎಂದಿದ್ದರೆ ಗಾಬರಿಯೂ ಬೇಡ. ಎರಡೂ ಸಂದರ್ಭದಲ್ಲಿ ಮೊದಲು ವೈದ್ಯರನ್ನು ಕಾಣಿ.